ಒಂದು ವ್ಯಾಧಿಯ ಕಾಲಗಣನೆ

ರೋಗಗಳಲ್ಲಿ ಕೆಲವು ವೈದ್ಯನ ಮೊದಲ ನೋಟಕ್ಕೇ ತಮ್ಮ ಗುರುತನ್ನು ಬಿಟ್ಟುಕೊಡುತ್ತವೆ. ಕಾಮಾಲೆ ಕಣ್ಣಿನಲ್ಲಿ ಕಾಣುತ್ತದೆ; ಸಿಡುಬು ಚರ್ಮದ ಮೇಲೆ ಮೂಡಿರುತ್ತದೆ; ಜ್ವರವನ್ನು ಹಣೆ ಮುಟ್ಟಿದ ತಾಯಿಯ ಕೈಯೇ ಅರಿಯುತ್ತದೆ. ಇಂದು ಬೈಪೋಲಾರ್ ಎಂದೂ, ನಮ್ಮ ಹಿಂದಿನ ತಲೆಮಾರಿನ ವೈದ್ಯರ ಬಾಯಲ್ಲಿ ಮೇನಿಯಾ-ಖಿನ್ನತೆಯ ಕಾಯಿಲೆಯೆಂದೂ ಹೆಸರಾದ ಮನೋವ್ಯಾಧಿಯು ಹೀಗೆ ಒಂದು ನೋಟಕ್ಕೆ ದಕ್ಕುವಂಥದಲ್ಲ. ಚೈತ್ರದಲ್ಲಿ ಇರುಳೆಲ್ಲ ಎಚ್ಚರವಿದ್ದು, ಹತ್ತು ಉದ್ಯಮಗಳ ಯೋಜನೆ ಹಾಕಿ, ಕಂಡವರಿಗೆಲ್ಲ ಸಾಲ ಕೊಟ್ಟು, ಬಿಡುವಿಲ್ಲದೆ ಮಾತಾಡುತ್ತಿದ್ದ ಮನುಷ್ಯನನ್ನು ನೋಡಿದ ವೈದ್ಯನು ಒಂದು ಹೆಸರನ್ನು ಹೇಳಿಯಾನು. ಅದೇ ಮನುಷ್ಯನು ಕಾರ್ತಿಕದಲ್ಲಿ ಗೋಡೆಗೆ ಮುಖಮಾಡಿ ಮಲಗಿ, ಸ್ನಾನಕ್ಕೂ ಏಳಲಾರದೆ, ತಾನು ಭೂಮಿಗೆ ಭಾರವೆಂದು ಕೊರಗುವುದನ್ನು ನೋಡಿದ ಬೇರೊಬ್ಬನು ಇನ್ನೊಂದು ಹೆಸರನ್ನು ಹೇಳಿಯಾನು. ಇಬ್ಬರೂ ತಾವು ಕಂಡದ್ದನ್ನು ಸರಿಯಾಗಿಯೇ ಕಂಡಿದ್ದರೂ ರೋಗವು ಇಬ್ಬರ ಕೈಯಿಂದಲೂ ತಪ್ಪಿಸಿಕೊಂಡಿರುತ್ತದೆ. ಏರು ಇಳಿತಕ್ಕೆ, ಇಳಿತ ಏರಿಗೆ ಎಡೆಗೊಡುವ ಕ್ರಮದಲ್ಲಿ ಅದು ನೆಲಸಿರುವುದರಿಂದ, ಅದರ ಪರಿಜ್ಞಾನಕ್ಕೆ ವರ್ಷಗಟ್ಟಲೆ ಒಬ್ಬನನ್ನೇ ನೋಡುತ್ತಿರುವ ತಾಳ್ಮೆ ಬೇಕಾಯಿತು. ಆ ತಾಳ್ಮೆ ಯಾವಾಗ, ಎಲ್ಲಿ, ಯಾವ ಸನ್ನಿವೇಶದ ನಿರ್ಬಂಧದಿಂದ ಒದಗಿತೆಂಬುದೇ ಈ ವ್ಯಾಧಿಯ ಚರಿತ್ರೆ. ರೋಗಿಯು ಔಷಧದ ಜೊತೆಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಇಂದಿನ ವಿಧಾನಗಳೂ, ಪರಿಶೀಲಿಸಿ ನೋಡಿದರೆ, ಅದೇ ಕಾಲಗಣನೆಯು ವೈದ್ಯನ ಕೈಯಿಂದ ರೋಗಿಯ ಕೈಗೆ ದಾಟಿಬಂದುದರ ಫಲ.

ಪ್ರಾಚೀನರಿಗೆ ಇದರ ಸುಳಿವು ಸಿಕ್ಕಿರಲಿಲ್ಲವೆನ್ನಲಾಗದು. ಇಂದಿನ ತುರ್ಕಿಯ ಭಾಗವಾಗಿರುವ ಕಪಡೋಸಿಯದ ಗ್ರೀಕ್ ವೈದ್ಯ ಅರಿಟೇಯಸನು (ಅವನ ಕಾಲವನ್ನು ವಿದ್ವಾಂಸರು ಕ್ರಿಸ್ತಶಕದ ಮೊದಲನೆಯ ಅಥವಾ ಎರಡನೆಯ ಶತಮಾನವೆನ್ನುತ್ತಾರೆ) ವಿಷಾದವು ಉನ್ಮಾದದ ಆರಂಭವೂ ಅದರ ಒಂದು ಅಂಗವೂ ಆಗಿ ತನಗೆ ತೋರುತ್ತದೆಂದು ಬರೆದಿಟ್ಟನು. ನಮ್ಮ ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ, ಒಂದೆಡೆ ನಿಲ್ಲದೆ ಅಲೆಯುತ್ತ, ಕಾರಣವಿಲ್ಲದೆ ನಗುತ್ತ, ಹಾಡಿ ಕುಣಿಯುವವನನ್ನು ವಾತದ ಲೆಕ್ಕಕ್ಕೂ, ಒಂದೇ ಸ್ಥಳದಲ್ಲಿ ಮೌನವಾಗಿ ಕುಳಿತು ಅನ್ನವನ್ನು ಒಲ್ಲದೆ ಏಕಾಂತವನ್ನು ಬಯಸುವವನನ್ನು ಕಫದ ಲೆಕ್ಕಕ್ಕೂ ಸೇರಿಸುತ್ತದೆ. ಎರಡು ಮುಖಗಳ ವರ್ಣನೆಯೂ ಎಷ್ಟು ಸೂಕ್ಷ್ಮವಾಗಿದೆಯೆಂದರೆ ಇಂದಿನ ವೈದ್ಯಗ್ರಂಥದ ಪಕ್ಕದಲ್ಲಿಟ್ಟರೂ ಮಸಕಾಗದು. ಆದರೆ ದೋಷಗಳನ್ನು ಹಿಡಿದು ವಿಂಗಡಿಸಿದ ಆ ಶಾಸ್ತ್ರದಲ್ಲಿ ಅವೆರಡೂ ಬೇರೆ ಬೇರೆ ಕೋಣೆಗಳಲ್ಲಿ ಉಳಿದವು. ಯುರೋಪಿನ ವೈದ್ಯವೂ ಬಹುಕಾಲ ಹಾಗೆಯೇ ಮಾಡಿತು. ಅರಿಟೇಯಸನ ಮಾತು ಗ್ರಂಥಾಲಯದಲ್ಲಿ ಮಲಗಿತು.

ಕಾಲವನ್ನು ಕಾದು ನೋಡುವ ಸ್ಥಳವನ್ನು ಒದಗಿಸಿದ್ದು ಹುಚ್ಚಾಸ್ಪತ್ರೆ. ಮನುಷ್ಯರನ್ನು ವರ್ಷಾನುಗಟ್ಟಲೆ ಗೋಡೆಯೊಳಗೆ ಕೂಡಿಹಾಕಿದ ಸಂಸ್ಥೆಯೇ ಅವರನ್ನು ವರ್ಷಾನುಗಟ್ಟಲೆ ನೋಡುವ ಅವಕಾಶವನ್ನು ವೈದ್ಯನಿಗೆ ಕೊಟ್ಟಿತೆಂಬುದು ಈ ಚರಿತ್ರೆಯಲ್ಲಿ ನುಂಗಲು ಕಹಿಯಾದ ಸಂಗತಿ. ಪ್ಯಾರಿಸ್ಸಿನಲ್ಲಿ ಫಿಲಿಪ್ ಪಿನೆಲ್ 1793ರಲ್ಲಿ ಬಿಸೆತ್ರ್ ಆಸ್ಪತ್ರೆಗೂ 1795ರಲ್ಲಿ ಸಾಲ್ಪೆತ್ರಿಯೇರ್ ಎಂಬ ಸ್ತ್ರೀಯರ ವಿಶಾಲವಾದ ಆಸ್ಪತ್ರೆಗೂ ಬಂದ ಮೇಲೆ, ರೋಗಿಯ ದಿನಚರಿಯನ್ನು ಗಮನವಿಟ್ಟು ಬರೆದುಕೊಳ್ಳುವ ಸಂಪ್ರದಾಯ ಫ್ರಾನ್ಸಿನಲ್ಲಿ ಬೇರೂರಿತು. ಅವನ ಶಿಷ್ಯ ಎಸ್ಕಿರೋಲ್. ಎಸ್ಕಿರೋಲನ ಶಿಷ್ಯರಿಬ್ಬರು ಝಾಂ-ಪಿಯೆರ್ ಫಾಲ್ರೆ ಮತ್ತು ಜೂಲ್ ಬೈಯಾರ್ಝೆ. ಇಬ್ಬರೂ ಸಾಲ್ಪೆತ್ರಿಯೇರಿನ ವೈದ್ಯರೇ. ರೋಗಿ ಆಡಿದ ಮಾತನ್ನು ಗುಮಾಸ್ತನಂತೆ ಬರೆದುಕೊಂಡರೆ ಸಾಲದು, ರೋಗ ನಡೆಯುವ ದಾರಿಯನ್ನು ಹುಡುಕಿಕೊಂಡು ಹೋಗಬೇಕೆಂದು ತನ್ನ ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದ ಫಾಲ್ರೆಯು, ಕೆಲವರಲ್ಲಿ ಉನ್ಮಾದ, ವಿಷಾದ, ಅನಂತರ ಮನಸ್ಸು ತಿಳಿಯಾಗಿರುವ ಒಂದು ವಿರಾಮ, ಪುನಃ ಉನ್ಮಾದ, ಹೀಗೆ ಮೂರು ಅವಸ್ಥೆಗಳು ಚಕ್ರದಂತೆ ತಿರುಗಿ ಬರುವುದನ್ನು ಗುರುತಿಸಿ, 1851ರಲ್ಲಿ ಅದನ್ನು ಮೊದಲು ಪ್ರಕಟಪಡಿಸಿದನು. 1854ರ ಜನವರಿ ಕೊನೆಯ ದಿನ ಬೈಯಾರ್ಝೆಯು ವೈದ್ಯ ಅಕಾಡೆಮಿಯ ಮುಂದೆ ಎರಡು ರೂಪದ ಒಂದೇ ಉನ್ಮಾದವನ್ನು ತಾನು ಕಂಡುಹಿಡಿದಿರುವೆನೆಂದು ಪ್ರಬಂಧವನ್ನೋದಲು, ಎರಡು ವಾರ ಕಳೆಯುವಷ್ಟರಲ್ಲಿ ಫಾಲ್ರೆಯು ಅದೇ ಅಕಾಡೆಮಿಗೆ ಬಂದು, ಇದನ್ನು ತಾನು ಆಗಲೇ ಹೇಳಿದ್ದೆನೆಂದು ಸಾಧಿಸಿದನು. ಒಂದೇ ಗುರುವಿನ ಶಿಷ್ಯರಾಗಿ, ಒಂದೇ ಆಸ್ಪತ್ರೆಯ ಅಂಗಳದಲ್ಲಿ ಓಡಾಡುತ್ತಿದ್ದ ಈ ಇಬ್ಬರ ವೈಮನಸ್ಯವು ಬಹುಕಾಲ ಆರಲಿಲ್ಲ.

ಯಾರು ಮೊದಲೆಂಬ ಜಗಳ ಇಂದು ನಮಗೆ ಅಷ್ಟೊಂದು ಮುಖ್ಯವಲ್ಲ. ಅದರ ಒಳಗಿದ್ದ ಒಂದು ಭೇದ ಮುಖ್ಯ. ಬೈಯಾರ್ಝೆಗೆ ಉನ್ಮಾದ ಮತ್ತು ವಿಷಾದಗಳೆರಡೇ ರೋಗದ ಶರೀರ. ಫಾಲ್ರೆಗೆ ನಡುವಣ ತಿಳಿಯಾದ ವಿರಾಮವೂ ರೋಗದ ಲೆಕ್ಕಕ್ಕೆ ಸೇರಿದುದು. ನನ್ನ ಅಭಿಪ್ರಾಯದಲ್ಲಿ ಫಾಲ್ರೆಯ ನೋಟವೇ ಹೆಚ್ಚು ಫಲವತ್ತಾದದ್ದು: ರೋಗಿಯು ಸ್ವಸ್ಥನಾಗಿ ಮನೆಯಲ್ಲಿ ಉಂಡುಟ್ಟು ಓಡಾಡುತ್ತಿರುವ ತಿಂಗಳುಗಳನ್ನು ವೈದ್ಯನು ತನ್ನ ಗಣನೆಯಿಂದ ಬಿಟ್ಟರೆ, ಮುಂದಿನ ಅಲೆಗೆ ಒಡ್ಡು ಕಟ್ಟುವ ಕೆಲಸ ನಡೆಯಬೇಕಾದ ಕಾಲವನ್ನೇ ಬಿಟ್ಟಂತಾಗುತ್ತದೆ.

ಎಣಿಕೆಯನ್ನು ಪದ್ಧತಿಗೆ ತಂದವನು ಜರ್ಮನಿಯ ಎಮಿಲ್ ಕ್ರೆಪೆಲಿನ್. 1891ರಿಂದ ಹೈಡೆಲ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಈತನು ಪ್ರತಿಯೊಬ್ಬ ರೋಗಿಗೂ ಒಂದು ಚೀಟಿಯನ್ನು ಮಾಡಿ, ಅವನು ಆಸ್ಪತ್ರೆಗೆ ಬಂದ ದಿನದ ಸ್ಥಿತಿ, ಹೊರಟ ದಿನದ ಸ್ಥಿತಿ, ವರ್ಷಗಳ ಅನಂತರ ತಿಳಿದುಬಂದ ಗತಿ, ಎಲ್ಲವನ್ನೂ ಅದರಲ್ಲಿ ಸೇರಿಸುತ್ತಿದ್ದನು. ರಜೆಯಲ್ಲಿಯೂ ಆ ಚೀಟಿಗಳ ಪೆಟ್ಟಿಗೆಯನ್ನು ಕೊಂಡೊಯ್ದು, ಹರಡಿಕೊಂಡು, ಗುಂಪು ಗುಂಪಾಗಿ ಜೋಡಿಸುತ್ತಿದ್ದನಂತೆ. ಕ್ರಮೇಣ ಕುಗ್ಗುತ್ತ ಹೋಗುವವರದೊಂದು ಗುಂಪು, ಎದ್ದುಬಿದ್ದರೂ ಮಧ್ಯೆ ಮಧ್ಯೆ ತಮ್ಮ ಸಹಜಸ್ಥಿತಿಗೆ ಮರಳುವವರದು ಇನ್ನೊಂದು ಗುಂಪು ಎಂಬ ವಿಭಾಗವು ಈ ಚೀಟಿಗಳಿಂದ ಮೂಡಿ, 1899ರಲ್ಲಿ ಪ್ರಕಟವಾದ ಅವನ ಪಠ್ಯಪುಸ್ತಕದ ಆರನೆಯ ಆವೃತ್ತಿಯಲ್ಲಿ ಎರಡನೆಯ ಗುಂಪಿಗೆ ಮೇನಿಯಾ-ಖಿನ್ನತೆಯೆಂಬ ನಾಮಕರಣವಾಯಿತು. ಮುಂದಿನ ಆವೃತ್ತಿಗಳಲ್ಲಿ ಒಬ್ಬೊಬ್ಬ ರೋಗಿಯ ಇಡೀ ಜೀವಿತವನ್ನು ವರ್ಷಗಳ ಪಟ್ಟಿಯಾಗಿ ಎಳೆದು, ಏರಿಗೂ ಇಳಿತಕ್ಕೂ ಬೇರೆ ಬೇರೆ ಗುರುತು ಹಾಕಿ ತೋರಿಸಿದನು. ಸ್ವತಃ ಮದ್ಯವನ್ನು ತ್ಯಜಿಸಿ, ಅದರ ವಿರುದ್ಧ ಜೀವನವಿಡೀ ಪ್ರಚಾರ ನಡೆಸಿದ ಈ ಶುಷ್ಕಸ್ವಭಾವದ ಪ್ರಾಧ್ಯಾಪಕನ ಬಳಿ ಚಿಕಿತ್ಸೆ ಹೆಚ್ಚೇನೂ ಇರಲಿಲ್ಲ. ಉದ್ರಿಕ್ತರನ್ನು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಇರಿಸುವ ಸ್ನಾನವೇ ಅವನ ಮುಖ್ಯ ಉಪಚಾರವಾಗಿದ್ದಿತು. ಕೇವಲ ಖಿನ್ನತೆ ಮರುಕಳಿಸುವವರನ್ನೂ ಅವನು ಇದೇ ಗುಂಪಿಗೆ ಸೇರಿಸಿದ್ದನು. ಅವರನ್ನು 1957ರಲ್ಲಿ ಕಾರ್ಲ್ ಲಿಯೋನ್‌ಹಾರ್ಡ್ ಬೇರ್ಪಡಿಸಿದನು, 1966ರಲ್ಲಿ ಯೂಲೆಸ್ ಆಂಗ್ಸ್ಟ್ ಮತ್ತು ಕಾರ್ಲೋ ಪೆರ್ರಿಸ್ ಎಂಬಿಬ್ಬರು ತಮ್ಮ ತಮ್ಮ ಅಧ್ಯಯನಗಳಿಂದ ಆ ಬೇರ್ಪಾಡನ್ನು ಸಮರ್ಥಿಸಿದರು, 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯು ಬೈಪೋಲಾರ್ ಎಂಬ ಹೆಸರನ್ನು ಅಂಗೀಕರಿಸಿತು.

ಇಂದಿನ ಲಕ್ಷಣನಿರ್ಣಯವೂ ದಿನಗಳ ಎಣಿಕೆಯೇ ಆಗಿದೆ. ಮೇನಿಯಾ ಎನ್ನಬೇಕಾದರೆ ಸಾಮಾನ್ಯವಾಗಿ ಒಂದು ವಾರ, ಅದರ ಸೌಮ್ಯರೂಪವಾದ ಹೈಪೊಮೇನಿಯಾಕ್ಕೆ ನಾಲ್ಕು ದಿನ, ಖಿನ್ನತೆಗೆ ಎರಡು ವಾರ ಆ ಸ್ಥಿತಿ ಎಡೆಬಿಡದೆ ಇದ್ದಿರಬೇಕು. ಆದರೆ ಮನೆಯವರು ಕಾಣುವುದು ಪುಸ್ತಕದ ಭಾಷೆಯಲ್ಲಲ್ಲ. ಎರಡು ಮೂರು ಗಂಟೆ ಮಲಗಿಯೂ ಆಯಾಸವಿಲ್ಲದೆ ಎದ್ದು ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಬೆಳಗಲು ತೊಡಗುವುದು, ಮಾತಿನ ವೇಗಕ್ಕೆ ನಾಲಗೆ ಸಾಲದಂತಾಗುವುದು, ಮಿತವ್ಯಯಿಯಾಗಿದ್ದವನು ಹಣವನ್ನು ನೀರಿನಂತೆ ಚೆಲ್ಲುವುದು, ಅಡ್ಡಬಂದವರ ಮೇಲೆ ಸಿಡಿದೇಳುವುದು, ತನಗೊಂದು ದೈವನಿಯೋಗವಿದೆಯೆಂದು ನಂಬುವುದು: ಇವು ಏರಿನ ಚಿಹ್ನೆಗಳು. ಈ ಹಂತದಲ್ಲಿ ರೋಗಿಗೆ ತಾನು ರೋಗಿಯೆನ್ನಿಸುವುದಿಲ್ಲ; ತನ್ನ ಜೀವಮಾನದಲ್ಲಿ ಇಷ್ಟು ಸೌಖ್ಯವಾಗಿ ಎಂದೂ ಇರಲಿಲ್ಲವೆಂದೇ ಅವನಿಗೆ ತೋರುತ್ತದೆ. ವೈದ್ಯರ ಬಳಿಗೆ ಅವನಾಗಿ ಬರುವುದು ಬಹುಮಟ್ಟಿಗೆ ಇಳಿತದಲ್ಲಿ. ಆಗ ಹಿಂದಿನ ಏರಿನ ಕಥೆಯನ್ನು ಯಾರೂ ಹೇಳದಿದ್ದರೆ ಬರಿಯ ಖಿನ್ನತೆಯೆಂದು ಔಷಧ ಕೊಡಲ್ಪಡುವುದೂ, ಖಿನ್ನತೆಯನ್ನು ಕಳೆಯುವ ಆ ಔಷಧವೊಂದೇ ಕೆಲವರನ್ನು ಉನ್ಮಾದದತ್ತ ನೂಕುವುದೂ ಉಂಟು. ಪಕ್ಕದಲ್ಲಿ ಕುಳಿತ ತಂಗಿಯೋ ಹೆಂಡತಿಯೋ “ಎರಡು ವರ್ಷದ ಹಿಂದೆ ಇವರು ಹೀಗಿರಲಿಲ್ಲ ಡಾಕ್ಟರೇ, ಆಗ ನಿದ್ದೆಯೇ ಮಾಡುತ್ತಿರಲಿಲ್ಲ” ಎಂದು ಹೇಳುವ ಒಂದು ವಾಕ್ಯವು ಹಲವು ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು.

ರೋಗಿಯೇ ಲೇಖನಿಯನ್ನು ಹಿಡಿದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಯೇಲ್ ವಿಶ್ವವಿದ್ಯಾಲಯದ ಪದವೀಧರ ಕ್ಲಿಫರ್ಡ್ ಬಿಯರ್ಸ್ 1900ರಲ್ಲಿ ಮನೆಯ ಮೇಲಂತಸ್ತಿನ ಕಿಟಕಿಯಿಂದ ಹಾರಿ ಬದುಕಿ ಉಳಿದು, ಮೂರು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ವಿಷಾದದ ಮೌನವನ್ನೂ ಉತ್ಸಾಹದ ಉಬ್ಬರವನ್ನೂ ಪರಿಚಾರಕರ ಹೊಡೆತಗಳನ್ನೂ ಅನುಭವಿಸಿ ಹೊರಬಂದು, 1908ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದನು. ಮಾನಸಿಕ ಆರೋಗ್ಯದ ಚಳವಳಿ ಅಮೆರಿಕದಲ್ಲಿ ಹುಟ್ಟಿದ್ದು ಆ ಪುಸ್ತಕದಿಂದ. ಅವನಿಗೆ ಬೆಂಬಲವಾಗಿ ನಿಂತವರಲ್ಲಿ ಸ್ವಿಟ್ಸರ್ಲೆಂಡಿನಿಂದ ಬಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ನೆಲಸಿದ ಅಡಾಲ್ಫ್ ಮೇಯರ್ ಒಬ್ಬನು. ಕ್ರೆಪೆಲಿನ್ನನ ಪಟ್ಟಿಯಲ್ಲಿ ರೋಗದ ಅಲೆಗಳು ಮಾತ್ರ ಇದ್ದರೆ, ಮೇಯರನ ಜೀವನಪಟ್ಟಿಯಲ್ಲಿ ಮದುವೆ, ಸಾವು, ಉದ್ಯೋಗ, ಊರು ಬಿಟ್ಟದ್ದು, ಎಲ್ಲಕ್ಕೂ ಸ್ಥಳವಿತ್ತು. 1922ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವನು ಕೆಲಸ, ವಿನೋದ, ವಿಶ್ರಾಂತಿ, ನಿದ್ರೆ ಎಂಬ ನಾಲ್ಕರ ಲಯವನ್ನು ಕಷ್ಟದಲ್ಲಿಯೂ ತೂಗಿಸಿಕೊಳ್ಳಲು ಕಲಿಯುವುದೇ ಮನಸ್ಸಿನ ಸ್ವಾಸ್ಥ್ಯಕ್ಕೆ ಆಧಾರವೆಂದು ವಾದಿಸಿದನು. ಆಹಾರ, ನಿದ್ರೆ, ಬ್ರಹ್ಮಚರ್ಯಗಳು ಶರೀರದ ಮೂರು ಉಪಸ್ತಂಭಗಳೆಂದ ಚರಕನ ಮಾತನ್ನು ಬಲ್ಲ ನಮ್ಮವರಿಗೆ ಇದು ಹೊಸದೆನ್ನಿಸಲಾರದು.

ಇನ್ನು ಔಷಧದ ಕಥೆ. ಲಿಥಿಯಂ ಎಂಬ ಹಗುರ ಲೋಹದ ಲವಣಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಂಧಿವಾತದ ಮದ್ದಾಗಿ ಪ್ರಸಿದ್ಧವಾಗಿದ್ದವು. ಅವು ಕರಗಿದ ಚಿಲುಮೆಯ ನೀರು ಸೀಸೆಗಳಲ್ಲಿ ಮಾರಾಟವಾಗುತ್ತಿತ್ತು. 1886ರಲ್ಲಿ ಡೆನ್ಮಾರ್ಕಿನ ಕಾರ್ಲ್ ಲಾಂಗೆ ಮರುಕಳಿಸುವ ಖಿನ್ನತೆಗೂ ಅದನ್ನು ಕೊಟ್ಟುದಾಗಿ ಬರೆದನು, ಬರೆದದ್ದು ಮರೆತುಹೋಯಿತು. 1929ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಸೆವೆನ್ ಅಪ್ ಪಾನೀಯದಲ್ಲಿಯೂ ಮೊದಲು ಲಿಥಿಯಂ ಸಿಟ್ರೇಟ್ ಇದ್ದಿತೆಂದರೆ ಇಂದಿನ ಓದುಗರು ನಂಬಲಿಕ್ಕಿಲ್ಲ. ಅದು ಮನೋವೈದ್ಯಕ್ಕೆ ನಿಜವಾಗಿ ಪ್ರವೇಶಿಸಿದ್ದು ಆಸ್ಟ್ರೇಲಿಯದಲ್ಲಿ. ಜಪಾನೀಯರ ಸೆರೆಯಾಳಾಗಿ ಸಿಂಗಾಪುರದ ಚಾಂಗಿಯಲ್ಲಿ ಮೂರುವರೆ ವರ್ಷ ಕಳೆದು ಬಂದ ಜಾನ್ ಕೇಡ್ ಎಂಬ ವೈದ್ಯನು, ಮೆಲ್ಬರ್ನಿನ ಹೊರವಲಯದ ಬುಂಡೂರ ಆಸ್ಪತ್ರೆಯಲ್ಲಿ ಪಾಳುಬಿದ್ದ ಒಂದು ಅಡಿಗೆಮನೆಯನ್ನು ಪ್ರಯೋಗಶಾಲೆ ಮಾಡಿಕೊಂಡು, ಉನ್ಮಾದಿಗಳ ಮೂತ್ರದಲ್ಲಿ ಏನೋ ವಿಷವಿರಬೇಕೆಂಬ ಊಹೆಯಿಂದ ಗಿನಿಪಿಗ್‌ಗಳ ಮೇಲೆ ಪರೀಕ್ಷೆ ನಡೆಸುತ್ತಿದ್ದನು. ಊಹೆ ಸುಳ್ಳಾಯಿತು, ಆದರೆ ಯೂರಿಕ್ ಆಮ್ಲವನ್ನು ಕರಗಿಸಲು ಬಳಸಿದ ಲಿಥಿಯಂ ಆ ಚಂಚಲ ಪ್ರಾಣಿಗಳನ್ನು ಅಂಗಾತ ಮಲಗಿಸಿದರೂ ಮಿಸುಕದಷ್ಟು ಶಾಂತಗೊಳಿಸಿತು. ತಾನೇ ಮೊದಲು ಸೇವಿಸಿ ನೋಡಿ, 1948ರ ಮಾರ್ಚಿನಲ್ಲಿ, ಐದು ವರ್ಷಗಳಿಂದ ಉನ್ಮಾದದಲ್ಲಿಯೇ ಇದ್ದ ಐವತ್ತೊಂದು ವಯಸ್ಸಿನ ರೋಗಿಯೊಬ್ಬನಿಗೆ ಕೇಡ್ ಅದನ್ನು ಕೊಡಲಾರಂಭಿಸಿದನು. ವಾರಗಳಲ್ಲಿ ಆ ಮನುಷ್ಯ ಶಾಂತನಾದನು, ತಿಂಗಳುಗಳಲ್ಲಿ ಮನೆಗೆ ಹೋಗಿ ತನ್ನ ಹಳೆಯ ಕೆಲಸಕ್ಕೆ ಸೇರಿದನು. ಸೇರಿದವನು ಔಷಧವನ್ನು ಬಿಟ್ಟನು. ಬಿಟ್ಟ ಕೆಲವೇ ವಾರಗಳಲ್ಲಿ ಹಿಂದಿನ ಸ್ಥಿತಿಗೇ ಮರಳಿ, ಆಸ್ಪತ್ರೆಗೆ ಬಂದನು. ಪುನಃ ಔಷಧ, ಪುನಃ ಗುಣ. ಕೊನೆಗೆ 1950ರಲ್ಲಿ ಅದೇ ಲಿಥಿಯಂನ ವಿಷಪ್ರಭಾವದಿಂದ ಅವನು ತೀರಿಕೊಂಡನು. ಈ ಒಬ್ಬನ ಎರಡು ವರ್ಷಗಳಲ್ಲಿ ಲಿಥಿಯಂನ ಮುಂದಿನ ಎಪ್ಪತ್ತು ವರ್ಷಗಳ ಸಮಸ್ತ ಪಾಠವೂ ಅಡಗಿದೆಯೆಂದು ನನಗನ್ನಿಸುತ್ತದೆ.

ಕೇಡನ ಲೇಖನ ಪ್ರಕಟವಾದ 1949ರಲ್ಲಿಯೇ, ಅಮೆರಿಕದಲ್ಲಿ ಹೃದ್ರೋಗಿಗಳು ಅಡಿಗೆ ಉಪ್ಪಿಗೆ ಬದಲಾಗಿ ಲಿಥಿಯಂ ಕ್ಲೋರೈಡನ್ನು ಉದುರಿಸಿಕೊಂಡು ತಿಂದು ಸತ್ತ ವಾರ್ತೆಗಳು ಬಂದು, ಆ ದೇಶವು ಈ ಔಷಧಕ್ಕೆ 1970ರವರೆಗೆ ಬಾಗಿಲು ತೆರೆಯಲಿಲ್ಲ. ಡೆನ್ಮಾರ್ಕಿನಲ್ಲಿ ಮೊಗೆನ್ಸ್ ಸ್ಕೌ (ಅವನ ಒಡಹುಟ್ಟಿದ ಸೋದರನೇ ಮರುಕಳಿಸುವ ಖಿನ್ನತೆಯಿಂದ ಬಳಲುತ್ತಿದ್ದನು) 1954ರಿಂದ ಒಂದೊಂದಾಗಿ ಪ್ರಯೋಗಗಳನ್ನು ನಡೆಸಿ, ಪೌಲ್ ಬಾಸ್ಟ್ರುಪ್ ಎಂಬವನ ಜೊತೆಯಲ್ಲಿ, ಇದು ಬಂದ ರೋಗವನ್ನು ಇಳಿಸುವುದಷ್ಟೇ ಅಲ್ಲದೆ ಮುಂದೆ ಬರುವುದನ್ನೂ ತಡೆಯುತ್ತದೆಂದು ತೋರಿಸಿಕೊಟ್ಟನು. ರಕ್ತದಲ್ಲಿ ಅದರ ಪ್ರಮಾಣ ಒಂದು ಇಕ್ಕಟ್ಟಾದ ಮಿತಿಯೊಳಗೆ, ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್‌ಗಳಷ್ಟು, ಇರಬೇಕಾದುದರಿಂದ ರೋಗಿಯ ದಿನಚರಿಯೇ ಇಲ್ಲಿ ಔಷಧದ ಭಾಗವಾಗುತ್ತದೆ. ಬೇಸಿಗೆಯ ಬೆವರು, ವಾಂತಿಭೇದಿ, ನೀರನ್ನೂ ಮುಟ್ಟದ ಏಕಾದಶಿಯ ಉಪವಾಸ, ಯಾರೋ ಹೇಳಿದರೆಂದು ಉಪ್ಪನ್ನು ಒಮ್ಮೆಗೇ ಬಿಡುವುದು, ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೇನ್‌ನಂತಹ ಮಾತ್ರೆಗಳು, ಇವೆಲ್ಲವೂ ಆ ಪ್ರಮಾಣವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲವು. ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಗಳನ್ನೂ ಆಗಾಗ ಪರೀಕ್ಷಿಸಿಕೊಳ್ಳಬೇಕು.

ಪ್ರಕೃತಿದತ್ತವಾದ ಮೂಲಿಕೆಗಳಿಗೆ ಇಂತಹ ತೊಡಕುಗಳಿಲ್ಲವೆಂದು ನಂಬುವವರು ಸರ್ಪಗಂಧಿಯ ಚರಿತ್ರೆಯನ್ನು ನೋಡಬೇಕು. ಉತ್ತರಭಾರತದ ಹಳ್ಳಿಗಳಲ್ಲಿ ಹುಚ್ಚಿನ ಮದ್ದೆಂದೇ ಹೆಸರಾಗಿದ್ದ ಈ ಬೇರನ್ನು ಕುರಿತು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಪ್ರಬಂಧ ಬರೆದು, ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದರ ಪ್ರಯೋಜನವನ್ನು ತಿಳಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರ ಲೇಖನದಿಂದ ಅದು ಪಶ್ಚಿಮದ ಕಣ್ಣಿಗೆ ಬಿದ್ದಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಕಂಪನಿಯ ರಸಾಯನಜ್ಞರು ಅದರ ಸಾರವಾದ ರೆಸರ್ಪಿನ್ನನ್ನು ಬೇರ್ಪಡಿಸಿದರು. ಉದ್ರೇಕವನ್ನು ಅದು ಇಳಿಸಿತು, ನಿಜ. ಆದರೆ ರಕ್ತದೊತ್ತಡಕ್ಕೆಂದು ಸೇವಿಸಿದ ಕೆಲವರು ಆಳವಾದ ಖಿನ್ನತೆಗೆ ಬಿದ್ದ ವರದಿಗಳೂ ಅದೇ ದಶಕದಲ್ಲಿ ಬರತೊಡಗಿದವು. ಇದಕ್ಕೆ ಪ್ರತಿಯಾಗಿ, ಯುರೋಪಿನಲ್ಲಿ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಇಂಥ ರೋಗಿಗಳನ್ನು ಉನ್ಮಾದಕ್ಕೆ ಏರಿಸಿದ ಪ್ರಸಂಗಗಳಿವೆ. ಎರಡು ದಿಕ್ಕಿಗೂ ಜಾರಬಲ್ಲ ಮನಸ್ಸಿಗೆ ಒಂದೇ ದಿಕ್ಕಿಗೆ ತಳ್ಳುವ ವಸ್ತು, ಅದು ಬೇರಾಗಲಿ ಮಾತ್ರೆಯಾಗಲಿ, ವೈದ್ಯನಿಗೆ ತಿಳಿಯದೆ ಸಲ್ಲದು. ಮೀನಿನ ಎಣ್ಣೆಯ ವಿಷಯದಲ್ಲಿ ಪ್ರಯೋಗಗಳ ಸಾಕ್ಷ್ಯ ಒಂದೇ ಬಗೆಯಾಗಿಲ್ಲ. ಅದರಿಂದ ಹಾನಿ ಅಲ್ಪವೆಂದಷ್ಟೇ ಹೇಳಬಹುದು.

ನಮ್ಮ ದೇಶ ಈ ಚರಿತ್ರೆಗೆ ಸೇರಿಸಿದ್ದರಲ್ಲಿ ಮೂಲಿಕೆಗಿಂತ ಹೆಚ್ಚಿನದು ಕುಟುಂಬ. ಬೆಂಗಳೂರಿನಲ್ಲಿ 1847ರಷ್ಟು ಹಿಂದೆ ಸ್ಥಾಪಿತವಾದ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯಾಗಿ, 1954ರಲ್ಲಿ ಎಂ. ವಿ. ಗೋವಿಂದಸ್ವಾಮಿಗಳ ನಿರ್ದೇಶನದಲ್ಲಿ ಅಖಿಲ ಭಾರತ ಸಂಸ್ಥೆಯಾಗಿ, 1974ರಲ್ಲಿ ಇಂದು ನಾಡಿನ ಮೂಲೆಮೂಲೆಯವರು ಬಲ್ಲ ನಿಮ್ಹಾನ್ಸ್ ಆಗಿ ಬೆಳೆದುದು ಕನ್ನಡಿಗರಿಗೆ ಪರಿಚಿತವಾದ ಸಂಗತಿ. ಆದರೆ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ಕೈಗೊಂಡ ಕ್ರಮ ಅಷ್ಟಾಗಿ ತಿಳಿದಿಲ್ಲ: ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಬಂಧುಗಳನ್ನು ಅಲ್ಲಿಯೇ ಉಳಿಸಿಕೊಂಡು, ಆರೈಕೆಯಲ್ಲಿ ಅವರಿಗೂ ಪಾಲು ಕೊಟ್ಟರು. ಮನೆಗೆ ಹೋದ ಮೇಲೆ ರೋಗಿಯನ್ನು ನೋಡುವ ಕಣ್ಣುಗಳು ಹೀಗೆ ಆಸ್ಪತ್ರೆಯಲ್ಲಿಯೇ ತಯಾರಾದವು. ಬಂಧುಗಳನ್ನು ರೋಗಿಯ ಜೊತೆಯಲ್ಲಿ ಉಳಿಸಿಕೊಳ್ಳುವ ಪದ್ಧತಿಯನ್ನು ಮುಂದೆ ವೆಲ್ಲೂರು, ಬೆಂಗಳೂರುಗಳೂ ಅನುಸರಿಸಿದವು.

ಮೇಯರನ ಲಯಕ್ಕೂ ಚರಕನ ಉಪಸ್ತಂಭಕ್ಕೂ ಪ್ರಯೋಗದ ಪುಷ್ಟಿ ದೊರೆತದ್ದು ಬಹು ತಡವಾಗಿ. 1987ರಲ್ಲಿ ಥಾಮಸ್ ವೇರ್ ಮತ್ತು ಅವನ ಸಹೋದ್ಯೋಗಿಗಳು, ಉನ್ಮಾದಕ್ಕೆ ಕಾರಣಗಳು ಹಲವಿದ್ದರೂ ಅವು ಬಹುಶಃ ನಿದ್ರಾನಾಶವೆಂಬ ಒಂದೇ ದಾರಿಯಿಂದ ಒಳನುಗ್ಗುತ್ತವೆಂದು ಪ್ರತಿಪಾದಿಸಿದರು. 1998ರಲ್ಲಿ ಶೀಘ್ರವಾಗಿ ಏರಿಳಿಯುತ್ತಿದ್ದ ಒಬ್ಬ ರೋಗಿಗೆ ಪ್ರತಿರಾತ್ರಿ ಹದಿನಾಲ್ಕು ಗಂಟೆ, ಅನಂತರ ಹತ್ತು ಗಂಟೆ, ಕತ್ತಲೆಯಲ್ಲಿ ವಿಶ್ರಾಂತಿಯನ್ನು ವಿಧಿಸಿ ಅವನ ಅಲೆಗಳು ಶಮನವಾದುದನ್ನು ವರದಿಮಾಡಿದರು. ಪಿಟ್ಸ್‌ಬರ್ಗಿನ ಎಲೆನ್ ಫ್ರಾಂಕ್ ರೂಪಿಸಿದ ಚಿಕಿತ್ಸಾಕ್ರಮದಲ್ಲಿ ರೋಗಿಯು ಪ್ರತಿದಿನವೂ ಹಾಸಿಗೆಯಿಂದ ಎದ್ದ ಹೊತ್ತು, ಮೊದಲು ಮತ್ತೊಬ್ಬರೊಡನೆ ಬೆರೆತ ಹೊತ್ತು, ಕೆಲಸಕ್ಕೆ ತೊಡಗಿದ ಹೊತ್ತು, ರಾತ್ರಿಯ ಊಟದ ಹೊತ್ತು, ಮಲಗಿದ ಹೊತ್ತು, ಇವನ್ನು ಬರೆದಿಟ್ಟು, ಕ್ರಮೇಣ ಅವು ಅತ್ತಿತ್ತ ಸರಿಯದಂತೆ ನಿಲ್ಲಿಸಿಕೊಳ್ಳುತ್ತಾನೆ. ಔಷಧದ ಜೊತೆಗೆ ಇದನ್ನು ರೋಗದ ಉಲ್ಬಣದ ಕಾಲದಲ್ಲಿಯೇ ಕಲಿತವರು ಮುಂದಿನ ಎರಡು ವರ್ಷಗಳಲ್ಲಿ ಹೆಚ್ಚು ಕಾಲ ಸ್ವಸ್ಥರಾಗಿ ಉಳಿದರೆಂದು 2005ರ ಅಧ್ಯಯನ ತಿಳಿಸಿತು. ನಮ್ಮ ಜೀವನಕ್ರಮದಲ್ಲಿ ಈ ಗೆರೆಗಳನ್ನು ಕದಲಿಸುವ ಸಂದರ್ಭಗಳು ಬೇಕಾದಷ್ಟಿವೆ: ಶಿವರಾತ್ರಿಯ ಜಾಗರಣೆ, ಬೆಳಕು ಹರಿಯುವವರೆಗಿನ ಯಕ್ಷಗಾನ, ಮದುವೆಮನೆಯ ಮೂರು ದಿನಗಳ ಗದ್ದಲ, ರಾತ್ರಿಪಾಳಿಯ ಕೆಲಸ. ದಿನನಿತ್ಯದ ಮಿತವಾದ ಯೋಗಾಭ್ಯಾಸ, ನಡಿಗೆ, ಮದ್ಯವರ್ಜನೆಗಳಿಂದ ಹಿತವಾಗುವುದು. ಉಪವಾಸ, ಮೌನ, ನಿದ್ರಾತ್ಯಾಗಗಳೊಡನೆ ಹತ್ತು ದಿನ ಒಂದೇಸಮನೆ ನಡೆಸುವ ಉಗ್ರಸಾಧನೆ ಇವರಿಗೆ ಸಲ್ಲದು. ಭಕ್ತರಿಗೆ ಈ ಮಾತು ಅಪ್ರಿಯವಾದರೂ ಹೇಳದೆ ಉಪಾಯವಿಲ್ಲ.

ಜಾನ್ಸ್ ಹಾಪ್ಕಿನ್ಸ್‌ನ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್, ಈ ರೋಗದ ಬಗ್ಗೆ ಫ್ರೆಡರಿಕ್ ಗುಡ್ವಿನ್ನನೊಡನೆ 1990ರಲ್ಲಿ ಬೃಹದ್ಗ್ರಂಥವನ್ನು ಬರೆದವಳು, ತಾನೂ ಅದರ ರೋಗಿಯೇ ಎಂದು 1995ರ ತನ್ನ ಆತ್ಮಕಥೆಯಲ್ಲಿ ಬಹಿರಂಗಪಡಿಸಿದಳು. ಕೇಡನ ಮೊದಲ ರೋಗಿಯಂತೆ ಅವಳೂ ಲಿಥಿಯಂ ಅನ್ನು ಬಿಟ್ಟು, ಬಿದ್ದು, ಸಾವಿನ ಬಾಗಿಲವರೆಗೆ ಹೋಗಿ ಬಂದಿದ್ದಳು. ಸ್ವಸ್ಥಳಾಗಿದ್ದಾಗ ಅವಳು ಮನೆಯವರೊಡನೆಯೂ ವೈದ್ಯನೊಡನೆಯೂ ಒಂದು ಒಪ್ಪಂದ ಮಾಡಿಕೊಂಡಳು: ಮುಂದೆ ತನ್ನ ಬುದ್ಧಿ ಕೈಕೊಟ್ಟಾಗ, ತಾನು ಎಷ್ಟೇ ಪ್ರತಿಭಟಿಸಿದರೂ, ಆಸ್ಪತ್ರೆಗೆ ಸೇರಿಸುವ ಅಧಿಕಾರ ಅವರಿಗಿರಬೇಕು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ವಯಸ್ಕನಾದ ಪ್ರತಿಯೊಬ್ಬನೂ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪ್ರತಿನಿಧಿ ಯಾರು ಎಂಬುದನ್ನು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನು ಕೊಟ್ಟಿದೆ. ಕಾಯಿದೆಯ ಹಂಗಿಲ್ಲದೆಯೂ ಮನೆಮಂದಿ ಒಪ್ಪಿ ಮಾಡಿಕೊಳ್ಳಬಹುದಾದ ಒಂದು ಬರಹವುಂಟು: ಎಷ್ಟು ರಾತ್ರಿ ನಿದ್ದೆ ಕೆಟ್ಟರೆ ವೈದ್ಯರಿಗೆ ತಿಳಿಸಬೇಕು, ಆಗ ಬ್ಯಾಂಕಿನ ಪಾಸುಪುಸ್ತಕ ಯಾರ ವಶದಲ್ಲಿರಬೇಕು, ಸಾಯುವ ಮಾತು ಬಾಯಿಗೆ ಬಂದರೆ ಹಗಲಿರುಳು ಜೊತೆಯಲ್ಲಿ ಯಾರಿರಬೇಕು, ಮೊದಲು ಯಾರ ಮಾತನ್ನು ಅವನು ಕೇಳುತ್ತಾನೆ. ಅದನ್ನು ಬರೆಯುವ ಕಾಲ ಫಾಲ್ರೆಯು ರೋಗದ ಲೆಕ್ಕಕ್ಕೆ ಸೇರಿಸಿದ ಆ ತಿಳಿಯಾದ ತಿಂಗಳುಗಳು.